ಹೆದರಿಕೆ ಹೋಗಲೆಂದು ಕಾಯದೆ: ಸಾಮಾಜಿಕ ಆತಂಕಕ್ಕೆ ಸ್ವೀಕಾರ ಆಧಾರಿತ ಮನೋಚಿಕಿತ್ಸೆಯ ಅಭ್ಯಾಸ

ಸಾಮಾಜಿಕ ಆತಂಕದಿಂದ ಬಳಲುವವರನ್ನು ‘ನಿಮಗೆ ಏನಾಗಬೇಕು?’ ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ‘ಈ ಹೆದರಿಕೆಯೊಂದು ಹೋದರೆ ಸಾಕು, ಉಳಿದದ್ದನ್ನು ನಾನೇ ನೋಡಿಕೊಳ್ಳುತ್ತೇನೆ.’ ಹೆದರಿಕೆ ಹೋದ ಮೇಲೆ ಗೆಳೆತನ, ಹೆದರಿಕೆ ಹೋದ ಮೇಲೆ ಸಂದರ್ಶನ, ಹೆದರಿಕೆ ಹೋದ ಮೇಲೆ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದು ಎಂದು ಬದುಕಿನ ಮುಖ್ಯ ಕೆಲಸಗಳೆಲ್ಲ ಸರದಿಯಲ್ಲಿ ಕಾಯುತ್ತ ನಿಂತಿರುತ್ತವೆ. ಸ್ವೀಕಾರ ಆಧಾರಿತ ಮನೋಚಿಕಿತ್ಸೆಯು ಈ ಸರದಿಯ ಕ್ರಮವನ್ನೇ ಬದಲಾಯಿಸುತ್ತದೆ. ಅದರ ಪ್ರಕಾರ ಹೆದರಿಕೆ ಇರುವಾಗಲೇ ಕೆಲಸಕ್ಕೆ ಕೈಹಾಕಬೇಕು. ಹೆದರಿಕೆ ಇಳಿಯುವುದು, ಇಳಿಯದಿರುವುದು ಆಮೇಲಿನ ಮಾತು. ಕೇಳಲು ಸರಳವಾದ ಈ ಮಾತನ್ನು ಆಚರಣೆಗೆ ತರುವುದು ಹೇಗೆ, ಜನರು ಎಲ್ಲೆಲ್ಲಿ ದಾರಿ ತಪ್ಪುತ್ತಾರೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಚಿಕಿತ್ಸಕರ ಬಳಿ ಹೋಗುತ್ತಿರುವವರಿಗೂ, ಹೋಗುವ ಮೊದಲು ತಿಳಿದುಕೊಳ್ಳಬಯಸುವವರಿಗೂ ಇದು ಉಪಯೋಗಕ್ಕೆ ಬಂದೀತು.

ತೊಂದರೆ ಬೇರುಬಿಡುವ ಬಗೆ

ಸಂಕೋಚದ ಸ್ವಭಾವ ಬೇರೆ, ಸಾಮಾಜಿಕ ಆತಂಕದ ಕಾಯಿಲೆ ಬೇರೆ. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯು 1980ರಲ್ಲಿ ಇದನ್ನು ‘ಸೋಶಿಯಲ್ ಫೋಬಿಯಾ’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಗುರುತಿಸಿತು. ಇತರರು ತನ್ನನ್ನು ಗಮನಿಸಬಹುದಾದ, ಅಳೆಯಬಹುದಾದ ಸಂದರ್ಭಗಳ ಬಗ್ಗೆ ತೀವ್ರ ಭಯವಿದ್ದು, ಅದು ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದು, ಕೆಲಸ, ಓದು ಅಥವಾ ಸಂಬಂಧಗಳಿಗೆ ಅಡ್ಡಿಯಾಗುತ್ತಿದ್ದರೆ ಮಾತ್ರ ಅದನ್ನು ಕಾಯಿಲೆಯೆಂದು ಪರಿಗಣಿಸುವುದು ಈಗಿನ ಪದ್ಧತಿ. ಇದು ಬಹುತೇಕ ಹದಿಹರೆಯದಲ್ಲೇ ಶುರುವಾಗುವುದರಿಂದ, ಎಷ್ಟೋ ಜನ ಇದನ್ನು ತಮ್ಮ ಹುಟ್ಟುಗುಣವೆಂದೇ ನಂಬಿ ವರ್ಷಗಟ್ಟಲೆ ಯಾರಿಗೂ ಹೇಳದೆ ಉಳಿದುಬಿಡುತ್ತಾರೆ.

ಭಯ ಹುಟ್ಟಿದ್ದು ಹೇಗೆ ಎನ್ನುವುದಕ್ಕಿಂತ ಅದು ಆರದೆ ಉಳಿದಿರುವುದು ಹೇಗೆ ಎನ್ನುವುದು ಚಿಕಿತ್ಸೆಗೆ ಮುಖ್ಯ. ‘ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು’ ಎಂಬ ಗಾದೆಯನ್ನೇ ಮನಸ್ಸು ಇಲ್ಲಿ ಅನುಸರಿಸುತ್ತದೆ. ಸಮಾರಂಭಕ್ಕೆ ಹೋಗದೆ ತಪ್ಪಿಸಿಕೊಂಡ ಸಂಜೆ ನಿಜಕ್ಕೂ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಸಲವೂ ತಪ್ಪಿಸಿಕೊಳ್ಳಲು ಕಲಿಸುತ್ತದೆ. ಹೋಗಲೇಬೇಕಾದ ಕಡೆಗೆ ಹೋದವರೂ ಒಳಗೊಳಗೇ ತಪ್ಪಿಸಿಕೊಳ್ಳುತ್ತಿರುತ್ತಾರೆ: ಆಡಬೇಕಾದ ವಾಕ್ಯವನ್ನು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಕೈ ನಡುಗುವುದು ಕಾಣದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಮಾತಿಗೆ ಸಿಗದಂತೆ ಮೊಬೈಲಿನಲ್ಲಿ ಮುಖ ಹುದುಗಿಸುವುದು, ತನ್ನ ಬಗ್ಗೆ ಪ್ರಶ್ನೆ ಬರದಿರಲೆಂದು ಎದುರಿಗಿರುವವರನ್ನೇ ಪ್ರಶ್ನೆ ಕೇಳುತ್ತ ಹೋಗುವುದು. ಇವುಗಳನ್ನು ಸುರಕ್ಷಾ ವರ್ತನೆಗಳೆಂದು ಕರೆಯುತ್ತಾರೆ. 1995ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಮಂಡಿಸಿದ ವಿವರಣೆಯಲ್ಲಿ ಇವುಗಳ ಜೊತೆಗೆ ಇನ್ನೆರಡು ಸಂಗತಿಗಳಿಗೂ ಮಹತ್ವವಿದೆ. ಜನರ ನಡುವೆ ಇರುವಾಗ ಗಮನವೆಲ್ಲ ತನ್ನತ್ತಲೇ ತಿರುಗುವುದು ಒಂದು. ಮನೆಗೆ ಬಂದ ಮೇಲೆ ನಡೆದದ್ದನ್ನೆಲ್ಲ ಗಂಟೆಗಟ್ಟಲೆ ಕೆದಕಿ ತಪ್ಪು ಹುಡುಕುವುದು ಇನ್ನೊಂದು.

ಭಯವನ್ನು ಅದುಮಿಡುವ ದಾರಿಯೂ ಫಲ ಕೊಡುವುದಿಲ್ಲ. ಡೇನಿಯಲ್ ವೆಗ್ನರ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಿಳಿ ಕರಡಿಯ ಬಗ್ಗೆ 5 ನಿಮಿಷ ಯೋಚಿಸಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಕರಡಿ ಮತ್ತೆಮತ್ತೆ ನೆನಪಾಯಿತು. ಆಮೇಲೆ ಯೋಚಿಸಲು ಅನುಮತಿ ಸಿಕ್ಕಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ಅವರು ಅದರ ಬಗ್ಗೆಯೇ ಯೋಚಿಸಿದರು. ‘ಈಗ ಮುಖ ಕೆಂಪಾಗಬಾರದು’ ಎಂದು ತನಗೆ ತಾನೇ ಅಪ್ಪಣೆ ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಚಿಕಿತ್ಸೆ ಬಂದ ದಾರಿ

ಸ್ವೀಕಾರ ಆಧಾರಿತ ಚಿಕಿತ್ಸೆಗಳಲ್ಲಿ ಮುಖ್ಯವಾದ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ, ಅಂದರೆ ಚಿಕಿತ್ಸಕರು ‘ಆಕ್ಟ್’ ಎಂದು ಕರೆಯುವ ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ 1980ರ ದಶಕದಿಂದ ರೂಪಿಸುತ್ತ ಬಂದರು. 1999ರಲ್ಲಿ ಕರ್ಕ್ ಸ್ಟ್ರೋಸಾಲ್ ಮತ್ತು ಕೆಲ್ಲಿ ವಿಲ್ಸನ್ ಅವರೊಂದಿಗೆ ಅದನ್ನು ಪುಸ್ತಕವಾಗಿ ಹೊರತಂದರು. ಭಾವನೆಗಳನ್ನು ಬಂದಂತೆ ಬಿಟ್ಟು ಮಾಡಬೇಕಾದುದನ್ನು ಮಾಡು ಎಂಬ ಆಲೋಚನೆ ಅದಕ್ಕಿಂತಲೂ ಹಳೆಯದು. ಜಪಾನಿನ ಮನೋವೈದ್ಯ ಶೋಮಾ ಮೊರಿಟಾ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಇತರರ ಎದುರು ತೀವ್ರವಾಗಿ ಅಂಜುವ ರೋಗಿಗಳಿಗಾಗಿ ಇದೇ ನೆಲೆಯ ಚಿಕಿತ್ಸೆಯನ್ನು ಬಳಸಿದ್ದರು.

ಫಲಿತಾಂಶದ ವಿಷಯದಲ್ಲಿ ಅತಿಶಯೋಕ್ತಿ ಬೇಡ. ನ್ಯಾನ್ಸಿ ಕೊಕೊವ್‌ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಅನುಭವವನ್ನು ಅಳೆಯದೆ ಗಮನಿಸುವುದು) ಮತ್ತು ಸ್ವೀಕಾರವನ್ನು ಆಧರಿಸಿದ ಗುಂಪು ಚಿಕಿತ್ಸೆಯನ್ನೂ, ಮಿಶೆಲ್ ಕ್ರಾಸ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಕ್ಟ್ ಅನ್ನೂ ಸಿಬಿಟಿ, ಅಂದರೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯೊಂದಿಗೆ ಹೋಲಿಸಿದರು. ಎರಡೂ ಕಡೆ ಚಿಕಿತ್ಸೆ ನಡೆದದ್ದು ವಾರಕ್ಕೊಮ್ಮೆಯಂತೆ 12 ಸಲ. ಚಿಕಿತ್ಸೆಗಾಗಿ ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರು ಹೆಚ್ಚು ಸುಧಾರಿಸಿದರು. ಎರಡು ಚಿಕಿತ್ಸೆಗಳ ನಡುವೆ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ವ್ಯಾಪಕವಾದ ಆಧಾರ ಇರುವುದು ಸಿಬಿಟಿಗೇ. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯೂ ವಯಸ್ಕರಿಗೆ ಮೊದಲ ಆಯ್ಕೆಯಾಗಿ ಸೂಚಿಸಿದ್ದು ಸಾಮಾಜಿಕ ಆತಂಕಕ್ಕೆಂದೇ ರೂಪಿಸಿದ ವೈಯಕ್ತಿಕ ಸಿಬಿಟಿಯನ್ನು. ಆದ್ದರಿಂದ ಸಿಬಿಟಿಯಿಂದ ನಿಮಗೆ ಗುಣ ಕಾಣುತ್ತಿದ್ದರೆ ಅದನ್ನು ಬಿಟ್ಟು ಇತ್ತ ಬರಬೇಕಾದ ಕಾರಣವಿಲ್ಲ. ತಮ್ಮ ಆಲೋಚನೆಗಳ ಜೊತೆ ವಾದ ಮಾಡಿ ಮಾಡಿ ಸೋತವರಿಗೆ ಈ ದಾರಿ ವಿಶೇಷವಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದಿಂದ ಆರಂಭಿಸಿ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಸಂದರ್ಭ ಯಾವುದು, ಹೆದರಿಕೆಯಿಂದ ಪಾರಾಗಲು ಏನು ಮಾಡಿದೆ, ಆ ಕ್ಷಣಕ್ಕೆ ಏನು ಸಿಕ್ಕಿತು, ಅದಕ್ಕಾಗಿ ಏನನ್ನು ಕಳೆದುಕೊಂಡೆ ಎಂದು ಒಂದು ವಾರ ಬರೆಯುತ್ತ ಹೋಗಿ. ಒಂದು ಸಾಲು ಹೀಗಿರಬಹುದು: ‘ಸಹೋದ್ಯೋಗಿಯ ಬೀಳ್ಕೊಡುಗೆ. ತಲೆನೋವೆಂದು ಹೇಳಿ ಮೊದಲೇ ಹೊರಟೆ. ಹೊರಗೆ ಬಂದೊಡನೆ ಉಸಿರು ಹಗುರಾಯಿತು. ಆರು ವರ್ಷ ಪಕ್ಕದಲ್ಲಿ ಕೂತು ಕೆಲಸ ಕಲಿಸಿದವರಿಗೆ ಹೇಳಬೇಕೆಂದಿದ್ದ ಎರಡು ಮಾತು ಹಾಗೇ ಉಳಿಯಿತು.’ ನಾಲ್ಕನೆಯ ಅಂಕಣವನ್ನು ಅವಸರದಲ್ಲಿ ತುಂಬಬೇಡಿ. ಚಿಕಿತ್ಸೆಗೆ ಬೇಕಾದ ಮನಸ್ಸು ಹುಟ್ಟುವುದು ಅಲ್ಲಿಂದ. ನಿಮ್ಮನ್ನು ನೀವು ಹಳಿದುಕೊಳ್ಳುವುದು ಇಲ್ಲಿನ ಉದ್ದೇಶವಲ್ಲ. ತಪ್ಪಿಸಿಕೊಳ್ಳುವುದು ಎಂಬ ಉಪಾಯಕ್ಕೆ ನ್ಯಾಯವಾದ ಅವಕಾಶ ಕೊಟ್ಟು ನೋಡಿದ್ದೀರಿ, ಅದು ಕೊಟ್ಟದ್ದೆಷ್ಟು, ಕಿತ್ತುಕೊಂಡದ್ದೆಷ್ಟು ಎಂದು ನಿಮ್ಮದೇ ಅನುಭವದಿಂದ ತೀರ್ಮಾನಿಸುವುದಷ್ಟೇ ಉದ್ದೇಶ.

ಯಾವುದಕ್ಕಾಗಿ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಕಾರಣವಿಲ್ಲದೆ ಕಷ್ಟವನ್ನು ಸಹಿಸು ಎಂದು ಈ ಚಿಕಿತ್ಸೆ ಯಾರಿಗೂ ಹೇಳುವುದಿಲ್ಲ. ನೀವು ಯಾವ ಬಗೆಯ ಗೆಳೆಯ, ಮಗಳು, ಸಹೋದ್ಯೋಗಿ, ಶಿಕ್ಷಕ ಆಗಿರಬೇಕೆಂದು ಬಯಸುತ್ತೀರಿ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ‘ಜನ ನನ್ನನ್ನು ಮೆಚ್ಚಬೇಕು’, ‘ಧ್ವನಿ ನಡುಗಬಾರದು’ ಎಂಬವು ಇಲ್ಲಿ ಉತ್ತರವಾಗಲಾರವು. ಮೊದಲನೆಯದು ಇತರರ ಕೈಯಲ್ಲಿದೆ, ಎರಡನೆಯದು ಏನನ್ನೂ ಮಾಡುವುದರ ಬಗ್ಗೆ ಅಲ್ಲ, ಏನೋ ಆಗದಿರುವುದರ ಬಗ್ಗೆ. ‘ನನ್ನವರಿಗೆ ಕಷ್ಟ ಬಂದಾಗ ನಾನು ಹತ್ತಿರ ಇರಬೇಕು’, ‘ಗೊತ್ತಿರುವುದನ್ನು ಇತರರಿಗೆ ತಿಳಿಸಬೇಕು’, ‘ಅನ್ಯಾಯ ಕಂಡಾಗ ಸುಮ್ಮನಿರಬಾರದು’ ಎಂಬಂಥ ಮಾತುಗಳು ದಿಕ್ಕು ತೋರಿಸುತ್ತವೆ. ಇಂಥ ಎರಡು ಅಥವಾ ಮೂರು ಸಾಕು. ನಾಲ್ಕನೆಯ ಅಂಕಣದಲ್ಲಿ ಹೆಚ್ಚು ನೋಯಿಸಿದ ಸಾಲನ್ನು ಮತ್ತೆ ಓದಿದರೆ ನಿಮ್ಮ ಮೌಲ್ಯ ಯಾವುದೆಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ, ಏಕೆಂದರೆ ಬೇಡವಾದುದನ್ನು ಕಳೆದುಕೊಂಡಾಗ ಯಾರಿಗೂ ಅಷ್ಟು ನೋವಾಗುವುದಿಲ್ಲ.

ದೇಹದ ಸಂವೇದನೆಗಳ ಜೊತೆ ಕೂರುವುದು

ಇದು ಎಲ್ಲಕ್ಕಿಂತ ಕಠಿಣವಾದ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥಮಾಡಿಕೊಳ್ಳಲಾದ ಭಾಗ. ಸ್ವೀಕಾರವೆಂದರೆ ಹೆದರಿಕೆಯನ್ನು ಇಷ್ಟಪಡುವುದಲ್ಲ, ಹಲ್ಲು ಕಚ್ಚಿ ಸಹಿಸುವುದೂ ಅಲ್ಲ, ನನ್ನ ಹಣೆಬರಹ ಇಷ್ಟೇ ಎಂದು ಕೈಚೆಲ್ಲುವುದಂತೂ ಅಲ್ಲವೇ ಅಲ್ಲ. ಆ ಕ್ಷಣದಲ್ಲಿ ದೇಹದಲ್ಲಿ ಏನು ಏಳುತ್ತಿದೆಯೋ ಅದು ಏಳಲು ಜಾಗ ಬಿಟ್ಟುಕೊಡುವುದು, ಅದರೊಡನೆ ಜಗಳವಾಡಲು ಖರ್ಚಾಗುತ್ತಿದ್ದ ಶಕ್ತಿಯನ್ನು ಮುಂದಿರುವ ಕೆಲಸಕ್ಕೆ ತಿರುಗಿಸುವುದು ಸ್ವೀಕಾರ.

ಆರಂಭದಲ್ಲಿ ಒಬ್ಬರೇ ಇರುವಾಗ ಅಭ್ಯಾಸ ಮಾಡಿ. ಮುಂದಿನ ವಾರ ಎದುರಾಗಲಿರುವ, ಅಳುಕು ಹುಟ್ಟಿಸುವ ಒಂದು ಸಂದರ್ಭವನ್ನು ಮನಸ್ಸಿಗೆ ತಂದುಕೊಂಡು ಐದು ನಿಮಿಷ ನೆಟ್ಟಗೆ ಕೂತುಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ದೇಹ ಉತ್ತರ ಕೊಡುತ್ತದೆ. ಕೆನ್ನೆಯಲ್ಲಿ ಬಿಸಿ ಏರುತ್ತಿದ್ದರೆ ಅದು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿ: ಕಿವಿಯ ತುದಿ ತಲುಪಿದೆಯೇ, ಕುತ್ತಿಗೆಗೆ ಇಳಿದಿದೆಯೇ, ಒಂದೇ ಸಮನಿದೆಯೇ, ಬಂದು ಬಂದು ಹೋಗುತ್ತಿದೆಯೇ? ಗಂಟಲು ಬಿಗಿದಿದ್ದರೆ ಉಗುಳು ನುಂಗಿ ಅದನ್ನು ಸಡಿಲಿಸಲು ಹೋಗಬೇಡಿ. ಆ ಬಿಗಿತದ ಆಕಾರ ಹೇಗಿದೆ, ಅದರ ಸುತ್ತ ಬಿಗಿಯದೆ ಉಳಿದಿರುವ ಭಾಗ ಯಾವುದು ಎಂದು ಗಮನಿಸಿ. ನಡುವೆ ‘ಇದನ್ನು ತಡೆಯಲಾರೆ’ ಎಂಬ ಮಾತು ಏಳುತ್ತದೆ, ಅದನ್ನೂ ಬಂದದ್ದೆಂದು ಗುರುತಿಸಿ ಮತ್ತೆ ಕೆನ್ನೆಯ ಬಿಸಿಗೆ ಮರಳಿ. ಐದು ನಿಮಿಷ ಮುಗಿದ ಮೇಲೆ ಬಿಸಿ ಇಳಿದಿತ್ತೇ ಎಂದು ಅಳೆಯಬೇಡಿ. ಅದು ಇದ್ದಾಗ ನೀವು ಕೂತಲ್ಲೇ ಕೂತಿದ್ದಿರೇ ಎಂಬುದನ್ನಷ್ಟೇ ಬರೆದಿಡಿ.

ಬಹಳ ಜನ ಎಡವುವುದು ಇಲ್ಲಿಯೇ. ಕೆಲವು ದಿನ ಅಭ್ಯಾಸ ಮಾಡಿ, ‘ಸ್ವೀಕರಿಸಿದೆ, ಆದರೂ ಹೆದರಿಕೆ ಹೋಗಲಿಲ್ಲ’ ಎಂದು ದೂರುತ್ತಾರೆ. ಅತಿಥಿಯನ್ನು ಒಳಗೆ ಕರೆದು ಕೂರಿಸಿ, ಯಾವಾಗ ಎದ್ದು ಹೋಗುತ್ತಾನೋ ಎಂದು ಗಡಿಯಾರ ನೋಡುತ್ತ ಕೂತ ಉಪಚಾರದ ಹಾಗೆ ಇದು. ಸ್ವೀಕಾರವೇ ಹೆದರಿಕೆಯನ್ನು ಓಡಿಸುವ ಹೊಸ ಉಪಾಯವಾಗಿಬಿಟ್ಟರೆ ಹಳೆಯ ಹೋರಾಟ ಬೇರೆ ಹೆಸರಿನಲ್ಲಿ ಮುಂದುವರಿದಂತೆಯೇ ಸರಿ. ಎಷ್ಟೋ ಸಲ ಹೆದರಿಕೆ ಕಾಲಕ್ರಮೇಣ ಇಳಿಯುತ್ತದೆ ಎಂಬುದು ನಿಜ. ಆದರೆ ಆ ಇಳಿಕೆಯನ್ನೇ ಗುರಿಯಾಗಿಟ್ಟುಕೊಂಡವರು ಅದು ಏರಿದ ದಿನ ಎಲ್ಲವೂ ವ್ಯರ್ಥವಾಯಿತೆಂದು ಅಭ್ಯಾಸವನ್ನು ಕೈಬಿಡುತ್ತಾರೆ.

ಆಲೋಚನೆಯಿಂದ ಅಂತರ

‘ನಾನು ಪೆದ್ದನಂತೆ ಕಾಣುತ್ತಿದ್ದೇನೆ’ ಎಂಬ ಆಲೋಚನೆ ಬಂದಾಗ ಅದನ್ನು ಸುಳ್ಳೆಂದು ಸಾಧಿಸಲು ಹೋಗದೆ, ‘ನಾನು ಪೆದ್ದನಂತೆ ಕಾಣುತ್ತಿದ್ದೇನೆ ಎಂಬ ಆಲೋಚನೆ ನನಗೆ ಬರುತ್ತಿದೆ’ ಎಂದು ಪೂರ್ತಿ ವಾಕ್ಯವಾಗಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇನ್ನೊಂದು ವಿಧಾನವೂ ಇದೆ. ಒಂದೇ ಪದವನ್ನು ಬೇಗ ಬೇಗ ಮತ್ತೆಮತ್ತೆ ಉಚ್ಚರಿಸಿದರೆ ಅದರ ಅರ್ಥ ಕರಗಿ ಬರೀ ಸದ್ದು ಉಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಿಚನರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಾಖಲಿಸಿದ್ದರು. ನಿಮ್ಮನ್ನು ಸದಾ ಚುಚ್ಚುವ ‘ಪೆದ್ದ’ ಎಂಬಂಥ ಒಂದೇ ಪದವನ್ನು ಆರಿಸಿಕೊಂಡು ಅರ್ಧ ನಿಮಿಷ ಗಟ್ಟಿಯಾಗಿ ಹೇಳಿನೋಡಬಹುದು. ಆದರೆ ಈ ವಿಧಾನವನ್ನು ಎಲ್ಲ ನೋವಿಗೂ ಬಳಸಬಾರದು. ನಿಜವಾಗಿ ನಡೆದ ಅವಮಾನ, ಹಿಂಸೆ ಅಥವಾ ತಾರತಮ್ಯದ ನೆನಪನ್ನು ‘ಬರೀ ಆಲೋಚನೆ’ ಎಂದು ತಳ್ಳಿಹಾಕುವುದು ಕ್ರೌರ್ಯವಾಗುತ್ತದೆ, ಅದಕ್ಕೆ ಬೇರೆಯ ಆರೈಕೆಯೇ ಬೇಕು.

ಟಾಮ್ ಗಿಲೋವಿಚ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಕೋಣೆಯೊಳಗೆ ಹೋದ ವಿದ್ಯಾರ್ಥಿಗಳು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆಂದು ಭಾವಿಸಿದ್ದರು. ಗಮನಿಸಿದ್ದವರು ಕಾಲು ಭಾಗದಷ್ಟು ಮಾತ್ರ. ಇದನ್ನು ತಿಳಿದಿರುವುದು ಒಳ್ಳೆಯದೇ, ಆದರೆ ನಿಮ್ಮ ಧೈರ್ಯವನ್ನು ಇದರ ಮೇಲೆ ಕಟ್ಟಬೇಡಿ. ಆ ಕಾಲು ಭಾಗದ ಜನ ಇದ್ದೇ ಇರುತ್ತಾರೆ. ಒಮ್ಮೊಮ್ಮೆ ಧ್ವನಿ ನಡುಗುತ್ತದೆ, ಯಾರೋ ಗಮನಿಸುತ್ತಾರೆ, ಆಗಲೂ ಹೇಳಬೇಕಾದ ಮಾತು ಹೇಳಬೇಕಾದದ್ದೇ ಆಗಿರುತ್ತದೆ.

ಕಾರ್ಯಕ್ಕೆ ಇಳಿಯುವುದು

ಇಷ್ಟೆಲ್ಲ ಸಿದ್ಧತೆ ನಡೆಸಿದ್ದು ಇದಕ್ಕಾಗಿ. ಮೌಲ್ಯಕ್ಕೆ ಹೊಂದುವ, ಈ ವಾರದಲ್ಲೇ ಮಾಡಬಹುದಾದ, ಚಿಕ್ಕದೊಂದು ಕೆಲಸವನ್ನು ಆರಿಸಿಕೊಳ್ಳಿ. ಹೆದರಿಕೆಯ ಪ್ರಮಾಣಕ್ಕಿಂತ ಮನಸ್ಸಿನ ಸಿದ್ಧತೆಯನ್ನು ಅಳೆಯಿರಿ: ‘ಈ ಕೆಲಸ ಮಾಡುವಾಗ ಏಳುವುದೆಲ್ಲ ಏಳಲಿ ಎನ್ನಲು ನಾನು 10ಕ್ಕೆ ಎಷ್ಟು ಸಿದ್ಧ?’ ಉತ್ತರ 3 ಅಥವಾ 4 ಬಂದರೆ ಕೆಲಸವನ್ನು ಇನ್ನೂ ಚಿಕ್ಕದು ಮಾಡಿ. ಅರ್ಧ ಗಂಟೆಯನ್ನು ಐದು ನಿಮಿಷಕ್ಕೆ ಇಳಿಸಬಹುದು, ಇಪ್ಪತ್ತು ಜನರ ಬದಲು ಇಬ್ಬರ ಮುಂದೆ ಮಾತಾಡಬಹುದು. ಆದರೆ ಆರಿಸಿಕೊಂಡ ಆ ಚಿಕ್ಕ ಅವಧಿಯಲ್ಲಿ ಸ್ವೀಕಾರಕ್ಕೆ ಷರತ್ತು ಹಾಕಬಾರದು. ‘ಮುಖ ಕೆಂಪಾಗುವವರೆಗೆ ಇರುತ್ತೇನೆ, ಆದೊಡನೆ ಹೊರಡುತ್ತೇನೆ’ ಎಂದು ಮೊದಲೇ ಒಪ್ಪಂದ ಮಾಡಿಕೊಂಡರೆ ಮನಸ್ಸು ಇಡೀ ಹೊತ್ತು ಮುಖವನ್ನೇ ಕಾಯುತ್ತದೆ.

ವಾರದ ಸಭೆಯಲ್ಲಿ ಎಂದೂ ಬಾಯಿ ತೆರೆಯದ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಮೌಲ್ಯ, ತನ್ನ ತಂಡದ ಕೆಲಸಕ್ಕೆ ತನ್ನ ಪಾಲು ಸೇರಿಸುವುದು. ಆರಿಸಿಕೊಂಡ ಕೆಲಸ, ಸಭೆಯ ಮೊದಲ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ ಕೇಳುವುದು. ಪ್ರಶ್ನೆಯ ವಿಷಯವನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು, ವಾಕ್ಯವನ್ನು ಬಾಯಿಪಾಠ ಮಾಡುವಂತಿಲ್ಲ. ಹಾಳೆ ನೋಡಿ ಓದುವಂತಿಲ್ಲ. ಹೊತ್ತು ಹತ್ತಿರ ಬಂದಾಗ ಎದೆ ಬಡಿತ ಏರುತ್ತದೆ. ‘ಇವತ್ತು ಬೇಡ, ಮುಂದಿನ ವಾರ ನೋಡೋಣ’ ಎಂಬ ಬಹಳ ನ್ಯಾಯಯುತವಾಗಿ ಕೇಳಿಸುವ ಸಲಹೆಯೂ ಬರುತ್ತದೆ. ಅದನ್ನು ಆಲೋಚನೆಯೆಂದು ಗುರುತಿಸಿ, ಪಾದಗಳು ನೆಲಕ್ಕೆ ತಾಗಿರುವುದನ್ನು ಒಮ್ಮೆ ಗಮನಿಸಿ, ಕೇಳಿಬಿಡುವುದು.

ಪ್ರಶ್ನೆ ಕೇಳಿದ ಮೇಲಿನ ಅರ್ಧ ನಿಮಿಷ, ನನ್ನ ತಿಳಿವಳಿಕೆಯಲ್ಲಿ, ಕೇಳುವುದಕ್ಕಿಂತಲೂ ಮುಖ್ಯ. ಮಾತು ಮುಗಿದ ಮರುಕ್ಷಣವೇ ಮನಸ್ಸು ಒಳಗೆ ತಿರುಗಿ ತನಿಖೆಗೆ ಕೂರುತ್ತದೆ: ಧ್ವನಿ ಹೇಗಿತ್ತು, ಆ ಮೂಲೆಯಲ್ಲಿದ್ದವರು ಯಾಕೆ ನಕ್ಕರು, ಪ್ರಶ್ನೆ ತೀರಾ ಸಣ್ಣದಾಯಿತೇ? ಈ ತನಿಖೆಯಲ್ಲಿ ಎದುರಿನವರ ಉತ್ತರ ಕಿವಿಗೇ ಬೀಳುವುದಿಲ್ಲ, ಹಾಗಾಗಿ ಸಂಭಾಷಣೆ ಅಲ್ಲಿಗೇ ಸಾಯುತ್ತದೆ, ತನಗೆ ಮಾತಾಡಲು ಬರುವುದಿಲ್ಲ ಎಂಬ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಗಮನವನ್ನು ಬಲವಂತವಾಗಿ ಅಲ್ಲದಿದ್ದರೂ ಮತ್ತೆಮತ್ತೆ ಹೊರಗೆ ಕರೆತನ್ನಿ. ಉತ್ತರಿಸುತ್ತಿರುವವರ ಮುಖ ನೋಡಿ, ಅವರ ಮಾತಿನಲ್ಲಿ ನಿಮಗೆ ಹೊಸದಾಗಿ ತಿಳಿದ ಒಂದು ಅಂಶವನ್ನು ಹಿಡಿದಿಟ್ಟುಕೊಳ್ಳಿ. ಇದನ್ನು ಭಯವಿಲ್ಲದ ಜಾಗದಲ್ಲಿ ಮೊದಲು ರೂಢಿಸಿಕೊಳ್ಳುವುದು ಸುಲಭ. ಮನೆಯವರ ಮಾತನ್ನು ಮೂರು ನಿಮಿಷ ಉತ್ತರ ಯೋಚಿಸದೆ ಕೇಳುವುದೂ ಒಳ್ಳೆಯ ಅಭ್ಯಾಸವೇ.

ಮನೆಗೆ ಬಂದ ಮೇಲೆ ನಡೆದದ್ದನ್ನು ಕೆದಕುವ ಕೆಲಸ ಶುರುವಾದರೆ ಅದನ್ನು ನಿಲ್ಲಿಸಲು ಹೋರಾಡಬೇಡಿ. ‘ತನಿಖೆ ಆರಂಭವಾಯಿತು’ ಎಂದು ಹೆಸರಿಟ್ಟು, ಕೈಗೆ ಕೆಲಸ ಕೊಡಿ. ದಿನಚರಿಯಲ್ಲಿ ಬರೆಯಬೇಕಾದ ಸಾಲು ಎರಡೇ: ಏನು ಮಾಡಿದೆ, ಯಾವುದಕ್ಕಾಗಿ ಮಾಡಿದೆ. ಹೇಗೆ ಕಾಣಿಸಿದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ವಾರಗಳು ಕಳೆದಂತೆ ಆ ಸಾಲುಗಳು ಹೆಚ್ಚುತ್ತಿದ್ದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ ಎಂದರ್ಥ, ಹೆದರಿಕೆ ಎಷ್ಟೇ ಇರಲಿ.

ಮನೆಯವರು ನೆರವಾಗಬೇಕೆಂದರೆ ಆತಂಕವಿರುವವರ ಪರವಾಗಿ ತಾವು ಮಾತಾಡುವುದನ್ನು, ಕರೆ ಮಾಡಿಕೊಡುವುದನ್ನು ನಿಧಾನವಾಗಿ ಕಡಿಮೆ ಮಾಡಬೇಕು. ಒಂದೇ ದಿನ ನಿಲ್ಲಿಸುವುದೂ ತರವಲ್ಲ, ‘ಇದರಲ್ಲಿ ಹೆದರುವುದೇನಿದೆ?’ ಎಂದು ಕೇಳುವುದಂತೂ ಬೇಡವೇ ಬೇಡ.

ಚಿಕಿತ್ಸಕರ ನೆರವು

ಭಯದಿಂದ ಓದು, ಉದ್ಯೋಗ ಬಿಡುವ ಹಂತಕ್ಕೆ ಬಂದಿದ್ದರೆ, ಜನರ ನಡುವೆ ಇರಲು ಮದ್ಯದ ಬೆಂಬಲ ಬೇಕಾಗುತ್ತಿದ್ದರೆ, ಜೊತೆಗೆ ಖಿನ್ನತೆ ಇದ್ದರೆ ಒಬ್ಬರೇ ಅಭ್ಯಾಸ ಮಾಡುತ್ತ ಕೂರಬಾರದು. ಸಾಯುವ ಆಲೋಚನೆ ಬರುತ್ತಿದ್ದರೆ ಅದೇ ದಿನ ವೈದ್ಯರನ್ನೋ ತುರ್ತು ನೆರವನ್ನೋ ಸಂಪರ್ಕಿಸಬೇಕು. ಕಣ್ಣು ಮುಚ್ಚಿ ದೇಹವನ್ನು ಗಮನಿಸುವ ಅಭ್ಯಾಸದಿಂದ ಹಳೆಯ ಆಘಾತದ ನೆನಪುಗಳು ನುಗ್ಗಿಬಂದರೆ ಅಲ್ಲಿಗೇ ನಿಲ್ಲಿಸಿ ಚಿಕಿತ್ಸಕರಿಗೆ ತಿಳಿಸಿ. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ವರ್ಗದ ಔಷಧಿಗಳಿಂದಲೂ ಸಾಮಾಜಿಕ ಆತಂಕಕ್ಕೆ ಪ್ರಯೋಜನವಿದೆ. ಮನೋವೈದ್ಯರು ಅವನ್ನು ಸೂಚಿಸಿದರೆ ಸ್ವೀಕಾರದ ತತ್ವಕ್ಕೆ ಭಂಗ ಬಂತೆಂದು ತಿಳಿಯುವ ಅಗತ್ಯವಿಲ್ಲ, ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಕೇಳದೆ ನಿಲ್ಲಿಸಲೂಬಾರದು.

ಚಿಕಿತ್ಸಕರನ್ನು ಮೊದಲ ಸಲ ಭೇಟಿಯಾಗುವುದೇ ಈ ಕಾಯಿಲೆಯವರಿಗೆ ದೊಡ್ಡ ಪರೀಕ್ಷೆ. ಫೋನ್ ಮಾಡಲು ಆಗದಿದ್ದರೆ ಸಂದೇಶ ಕಳಿಸಿ, ಬಾಯಲ್ಲಿ ಹೇಳಲು ಆಗದಿದ್ದರೆ ನಾಲ್ಕು ಅಂಕಣದ ಆ ಹಾಳೆಯನ್ನೇ ಕೈಗೆ ಕೊಡಿ. ಸಾಮಾಜಿಕ ಆತಂಕಕ್ಕೆ ಚಿಕಿತ್ಸೆ ಕೊಟ್ಟ ಅನುಭವ ಇದೆಯೇ, ಮಾತುಕತೆಯ ಜೊತೆಗೆ ಹೊರಗೆ ಮಾಡಬೇಕಾದ ಅಭ್ಯಾಸಗಳೂ ಇರುತ್ತವೆಯೇ ಎಂದು ಕೇಳಲು ಅಳುಕಬೇಡಿ. ಇನ್ನೊಂದು ಮಾತನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು: ‘ನನಗೆ ಒಪ್ಪಿಗೆಯಾಗದಿದ್ದರೂ ಹೂಂ ಎನ್ನುವ ಅಭ್ಯಾಸ ನನಗಿದೆ, ಸುಧಾರಿಸದಿದ್ದರೂ ಸುಧಾರಿಸಿದೆ ಎಂದು ನಿಮ್ಮನ್ನು ಸಂತೋಷಪಡಿಸಲು ಹೇಳಿಬಿಡಬಹುದು.’ ಈ ಸಂಗತಿ ಗೊತ್ತಿರುವ ಚಿಕಿತ್ಸಕರು ನಿಮ್ಮ ‘ಹೂಂ’ ಅನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ, ಮತ್ತು ಅವರೆದುರು ‘ಇಲ್ಲ, ಇದು ನನಗೆ ಹೊಂದುತ್ತಿಲ್ಲ’ ಎಂದು ನಡುಗುವ ಧ್ವನಿಯಲ್ಲಾದರೂ ಹೇಳುವುದು ಚಿಕಿತ್ಸೆಯ ಮೊದಲ ಅಭ್ಯಾಸಗಳಲ್ಲಿ ಒಂದಾಗಬಹುದು.